ರಂಗರಾಯರ ಪುರಭವನದಲ್ಲಿ ರಂಗರಾಯರದೇ ನಾಟಕ

ನಾನು ವಕೀಲರ ಗುಮಾಸ್ತ. ಮಂಗಳೂರು ಕೋರ್ಟಿಗೆ ಕಡತ ಹೊರಲು ಶುರುಮಾಡಿ 26 ವರ್ಷ ಆಯಿತು. ಹೊರಗಿನಿಂದ ಬರುವ ಕಕ್ಷಿದಾರರಿಗೆ ಫೋನಿನಲ್ಲಿ ದಾರಿ ಹೇಳುವಾಗ "ಟೌನ್‌ಹಾಲ್ ಹತ್ರ ಇಳಿಯಿರಿ" ಎನ್ನುತ್ತೇನೆ. ಅದರ ಪೂರ್ತಿ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಕಳೆದ ಶನಿವಾರ ಅದೇ ಹಾಲ್‌ನಲ್ಲಿ, ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಆ ರಂಗರಾಯರ ಬದುಕಿನ ನಾಟಕ ನೋಡಿ ಬಂದೆವು. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು. ಬ್ಯಾಂಕಿನವರು, ಮೇಷ್ಟ್ರುಗಳು, ಕಾಲೇಜು ಮಕ್ಕಳು ಸೇರಿ ಕಟ್ಟಿದ ಹವ್ಯಾಸಿ ತಂಡ. ಟಿಕೆಟ್ 100 ರೂಪಾಯಿ. ಎರಡು ಗಂಟೆಯ ನಾಟಕ, ನಡುವೆ ಬಿಡುವಿಲ್ಲ. ಇನ್ನೊಮ್ಮೆ ಆಡಿದರೆ ಖಂಡಿತ ಹೋಗಿ.

ರಂಗರಾಯರು 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. ನಾಟಕ ಶುರುವಾಗುವುದು ಕೋರ್ಟಿನ ವರಾಂಡದಲ್ಲಿ. ಓದು ಕಲಿತ ಒಬ್ಬ ದಲಿತ ಹುಡುಗನಿಗೆ ಜವಾನನ ಕೆಲಸ ಸಿಕ್ಕಿದೆ. ಗುಮಾಸ್ತ ಅವನ ಕೈಗೆ ಕಡತ ಕೊಡುವುದಿಲ್ಲ, ನೆಲಕ್ಕೆ ಹಾಕುತ್ತಾನೆ. ಹುಡುಗ ಕುಕ್ಕರಗಾಲಲ್ಲಿ ಕೂತು ಚದುರಿದ ಹಾಳೆಗಳನ್ನು ಒಂದೊಂದಾಗಿ ಎತ್ತುತ್ತಾನೆ. ಅಂಚು ಸಮ ಮಾಡಲು ಮೊಣಕಾಲಿಗೆ ಎರಡು ಸಲ ತಟ್ಟುತ್ತಾನೆ. ದಾರ ಸುತ್ತಿ, ಎಳೆದರೆ ಬಿಚ್ಚುವ ಹಾಗೆ ಗಂಟು ಹಾಕುತ್ತಾನೆ. ನಾವು ದಿನಾ ಹಾಕುವ ಗಂಟು ಅದೇ. ಆ ಹುಡುಗ ಯಾವುದೋ ಆಫೀಸಿನಲ್ಲಿ ಕೂತು ಅದನ್ನು ಕಲಿತೇ ಬಂದಿರಬೇಕು. ಇಷ್ಟೂ ಹೊತ್ತು ಒಂದು ಮಾತಿಲ್ಲ. ಅಷ್ಟು ಚಂದದ ಗಂಟು ಹಾಕಿದವನನ್ನು ಮುಂದಿನ ದೃಶ್ಯದಲ್ಲಿ ಎಲ್ಲರೂ ಸೇರಿ ಕೆಲಸದಿಂದ ಓಡಿಸುತ್ತಾರೆ. ನನ್ನ ಗಂಟಲು ಕಟ್ಟಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಂಗರಾಯರು ಆವತ್ತು ಮನೆಗೆ ಹೋಗಿ ಊಟ ಮಾಡುವುದಿಲ್ಲ.

ಆಮೇಲಿನ ಒಂದು ಗಂಟೆ ಇಡೀ ರಂಗರಾಯರು ದಲಿತ ಮಕ್ಕಳಿಗೆ ತೆರೆದ ಶಾಲೆಯದ್ದೇ ಕತೆ. ನಾಟಕದ ಜೀವ ಇರುವುದೂ ಅಲ್ಲೇ. ಶಾಲೆಗೆ ಜಾಗ ಸಿಗುವುದಿಲ್ಲ. ಸಿಕ್ಕಿದರೆ ಮೇಷ್ಟ್ರು ಸಿಗುವುದಿಲ್ಲ. ಮೇಷ್ಟ್ರು ಬಂದರೆ ಮಕ್ಕಳು ಬರುವುದಿಲ್ಲ, ಬಂದರೆ ಕುಡಿಯಲು ನೀರಿಲ್ಲ. ರಂಗರಾಯರಿಗೆ ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದ್ದಾರೆ. ರಂಗರಾಯರ ಪಾತ್ರ ಮಾಡಿದವರು ಇದ್ಯಾವುದಕ್ಕೂ ಕಿರುಚುವುದಿಲ್ಲ, ಮುಷ್ಟಿ ಬಿಗಿಯುವುದಿಲ್ಲ. ಕೊಡೆ ಹಿಡಿದು ಮತ್ತೆ ಅದೇ ಕೇರಿಗೆ ನಡೆಯುತ್ತಾರೆ. ಸುಮ್ನೆ ನಡೆಯುತ್ತಾರೆ, ಅಷ್ಟೆ. ಐದಾರು ಸಲ ಅದೇ ನಡಿಗೆ. ಪ್ರತಿ ಸಲ ಸ್ವಲ್ಪ ನಿಧಾನ, ಸ್ವಲ್ಪ ಬಾಗಿದ ಬೆನ್ನು. ಗಡ್ಡಕ್ಕೆ ಬಿಳಿ ಬಳಿಯದೆ ವಯಸ್ಸು ಕಾಣಿಸಿದರು.

ಮಕ್ಕಳು ಶಾಲೆಗೆ ಬರಲಿ ಅಂತ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರಂತಲ್ಲ, ಆ ದೃಶ್ಯ ನೋಡಬೇಕು. ತಾಯಿ ಕೇಳುವುದು ತುಳುವಿನಲ್ಲಿ. ಕೇರಿಯವರೆಲ್ಲ ತುಳುವಿನಲ್ಲೇ ಮಾತಾಡುತ್ತಾರೆ. ಒಳ್ಳೆಯ ನಿರ್ಧಾರ, ಇಲ್ಲಿಯ ಕತೆಯಲ್ಲಿ ಬೇರೆ ಹೇಗೆ ಮಾತಾಡಿಸುವುದು? ಮಗ ಗದ್ದೆಗೆ ಹೋಗದಿದ್ದರೆ ನನಗೆಷ್ಟು ಕಡಿಮೆ ಆಗುತ್ತದೆ ಅಂತ ಅವಳು ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ. ಅವಳನ್ನು ತಪ್ಪಿತಸ್ಥೆ ಮಾಡಲಿಲ್ಲ ಎಂಬುದು ನನಗೆ ತುಂಬ ಹಿಡಿಸಿತು. ಹುಡುಗ ನಾಣ್ಯವನ್ನು ಸ್ಲೇಟಿನ ಅಡಿ ಇಟ್ಟು ಬರೆಯಲು ಕೂರುತ್ತಾನೆ. ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಸ್ಲೇಟು ಎತ್ತಿ ನಾಣ್ಯ ಅಲ್ಲೇ ಉಂಟಾ ಅಂತ ನೋಡುತ್ತಾನೆ. ಮತ್ತೆ ಬರೆಯುತ್ತಾನೆ. ನನ್ನ ಮಗಳು ನಕ್ಕಳು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕೊರತೆಯೂ ಉಂಟು, ಹೇಳಿಬಿಡುತ್ತೇನೆ. 1897ರಲ್ಲಿ ದಲಿತರ ಏಳಿಗೆಗಾಗಿ ರಂಗರಾಯರು ಕಟ್ಟಿದ ಸಂಸ್ಥೆ, ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಶುರುವಾದ ಮೇಲೆ ನಾಟಕ ಓಡತೊಡಗುತ್ತದೆ. ದೊಡ್ಡವರು ಒಬ್ಬೊಬ್ಬರಾಗಿ ಬಂದು ಹಾರ ಹಾಕಿಸಿಕೊಂಡು, ಹೊಗಳಿ ಹೋಗುತ್ತಾರೆ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯನ್ನೂ ಹೀಗೇ ಒಂದು ನಿಮಿಷದಲ್ಲಿ ದಾಟಿಸಿದರು. ಎರಡು ಪೈಸೆಯ ದೃಶ್ಯ ನೋಡಿದ ಮೇಲೆ ರಂಗರಾಯರು ದೊಡ್ಡವರು ಅಂತ ಇನ್ನೊಬ್ಬರು ಬಂದು ಹೇಳಬೇಕಾ? ಆ ಹೊತ್ತನ್ನು ರಂಗರಾಯರ ಮಗಳು ರಾಧಾಬಾಯಿಗೆ ಕೊಡಬಹುದಿತ್ತು. ಜಾತಿಯ ಹೊರಗೆ, ಮದ್ರಾಸಿನ ರಾಜಕಾರಣಿ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದವರು ಅವರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ, ಅಂದರೆ ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆಗೆ, ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ಮನೆಯೊಳಗೆ ಅಪ್ಪ ಹೇಗಿದ್ದರು ಎಂದು ಹೇಳಲು ಅವರಿಗಿಂತ ಬೇರೆ ಯಾರು ಬೇಕು? ಇಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ಮಾತು, ಅದೂ ಕಾಫಿ ತಂದುಕೊಡುವಾಗ. ಬೇಸರವಾಯಿತು.

ಮೈಕಿನ ವ್ಯವಸ್ಥೆ ಅಷ್ಟಕ್ಕಷ್ಟೆ. ರಂಗದ ಹಿಂಭಾಗದಲ್ಲಿ ಆಡಿದ ಮಾತು ಹತ್ತನೇ ಸಾಲಿನ ಆಚೆ ಸರಿಯಾಗಿ ಕೇಳಿಸುವುದಿಲ್ಲ, ಮುಂದೆಯೇ ಕೂತುಕೊಳ್ಳಿ. ಸಂಗೀತ ಒಂದು ಹಾರ್ಮೋನಿಯಂ, ಒಂದು ತೆಂಬರೆ ಎಂಬ ನಮ್ಮ ಕಡೆಯ ಚರ್ಮವಾದ್ಯ. ಅಷ್ಟೇ ಸಾಕಿತ್ತು.

ಕೊನೆಯ ಭಾಗ. 1927ರಲ್ಲಿ ಸನ್ಯಾಸ ತೆಗೆದುಕೊಂಡ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬ ಅವರ ಆಸೆ ನಮ್ಮೂರಿನಲ್ಲಿ ಎಷ್ಟೋ ಜನರಿಗೆ ಗೊತ್ತು. ರಂಗದ ಮೇಲೆ ಕಾರು ತರುವುದು ಹೇಗೆ? ಇವರು ಕಾರು ತರಲೇ ಇಲ್ಲ. ಹಳೆ ಟಯರು ಉರುಳಿಸಿಕೊಂಡು ಆರೇಳು ಮಕ್ಕಳು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿದರು. ನೆಲದಲ್ಲಿ ಮೊದಲೇ ನಮ್ಮ ಕೆಂಪು ಮಣ್ಣು ಹರಡಿದ್ದರು. ಕಾವಿ ಹೊದ್ದು ತಲೆ ತಗ್ಗಿಸಿ ಕೂತಿದ್ದ ಆ ನಟನ ಮೇಲೆ ಧೂಳು ಬೆಳಕಿನಲ್ಲಿ ನಿಧಾನ ಇಳಿಯಿತು. ಮುಂದಿನ ಸಾಲಿನವರಿಗೆ ಕೆಮ್ಮು ಬಂತು, ಆದರೂ ಯಾರೂ ಏಳಲಿಲ್ಲ. ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಚಪ್ಪಾಳೆ ಬರಲಿಲ್ಲ.

ಹೊರಗೆ ಬಂದಾಗ ಮಗಳು ಗೇಟಿನ ಹತ್ತಿರ ನಿಂತು ಬೋರ್ಡು ಪೂರ್ತಿ ಓದಿದಳು. "ಅಪ್ಪ, ಇವರನ್ನು ಎಲ್ಲಿ ಮಣ್ಣು ಮಾಡಿದ್ದು?" ಎಂದು ಕೇಳಿದಳು. ಅತ್ತಾವರದ ಬಾಬುಗುಡ್ಡೆಯಲ್ಲಿ ಸಮಾಧಿ ಉಂಟು, ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ನಾನು ಒಮ್ಮೆಯೂ ಒಳಗೆ ಹೋದವನಲ್ಲ. ಈ ಭಾನುವಾರ ಬೆಳಗ್ಗೆ ಹೋಗುವುದು ಅಂತ ಮಾಡಿದ್ದೇವೆ.