600 ರೂಪಾಯಿ ‘ಟ್ರೈನಿಂಗ್ ಚಾರ್ಜ್’ ಕೊಟ್ಟು ಮೊಲ ತಂದೆ, ನೀವು ತರಬೇಡಿ

ಮೊದಲೇ ಹೇಳಿಬಿಡ್ತೇನೆ, ಇದನ್ನ ಬರೀಲಿಕ್ಕೆ ನಾಚಿಕೆ ಆಗ್ತಾ ಇದೆ. ಮೊಲದ ಬಗ್ಗೆ ಏನೂ ಗೊತ್ತಿಲ್ಲದವಳಾಗಿದ್ದರೆ ಒಂದು ನೆಪವಾದರೂ ಇರ್ತಿತ್ತು. ಹಿಕ್ಕೆ ನೋಡಿ ಹೊಟ್ಟೆ ಹೇಗಿದೆ ಅಂತ ಹೇಳುವಷ್ಟು ಗೊತ್ತಿದ್ದೂ ಮೋಸ ಹೋದೆ. ಮಾರಿದವನ ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ. ಆದರೆ ಅವನು ಮಾಡಿದ ಉಪಾಯ ಕಾರವಾರದಿಂದ ಭಟ್ಕಳದವರೆಗೆ ಯಾರ ಮೇಲಾದರೂ ನಡೆಯುವಂಥದ್ದು, ಅದಕ್ಕೇ ಬರೀತಿದ್ದೇನೆ.

ಶುರುವಾದದ್ದು ಒಂದು ವಿಡಿಯೋದಿಂದ. ನೀಲಿ ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಎರಡು ಬಿಳಿ ಮರಿ. ಒಂದು ಮರಿ ಅಲ್ಲೇ ಉಚ್ಚೆ ಹೊಯ್ಯುತ್ತದೆ, ಹಿಂದಿನಿಂದ ಅವನ ದನಿ: “ನೋಡಿ ಅಕ್ಕಾ, ಎಲ್ಲೂ ಹೋಗಲ್ಲ, ಇಲ್ಲೇ ಮಾಡೋದು.” 3 ತಿಂಗಳ ಮರಿಗಳಂತೆ. ಡ್ವಾರ್ಫ್ ಅಂತೆ, ದೊಡ್ಡದಾಗಲ್ಲ ಅಂತೆ. ಎರಡೂ ಹೆಣ್ಣಂತೆ. ಜೋಡಿಗೆ 1,400, ಟ್ರೇ ಕಲಿಸಿದ್ದಕ್ಕೆ ಬೇರೆ 600. ಹೌದು, ಕೊಟ್ಟೆ. ಜೂನ್ ಮೊದಲ ವಾರ, ಭಾನುವಾರದ ಸಂತೆಯ ಗದ್ದಲ, ಮೇಲಿಂದ ಮಳೆ, ಅವನು ಬೈಕ್ ಆಫ್ ಕೂಡ ಮಾಡಲಿಲ್ಲ. ತೂತು ಕೊರೆದ ಬೂಟಿನ ಡಬ್ಬಿ ಕೈಗೆ ಕೊಟ್ಟ, ಫೋನ್‌ಪೇ ಆದ ಸದ್ದು ಕೇಳಿದ, ಹೋದ. ಎರಡು ನಿಮಿಷದ ವ್ಯವಹಾರ. ಮುಚ್ಚಳ ತೆಗೆದು ಹಿಂಬದಿ ನೋಡಲಿಲ್ಲ, ಕಿವಿ ಮಡಚಿ ನೋಡಲಿಲ್ಲ. ಬೇರೆಯವರಿಗೆ ನೂರು ಸಲ ಹೇಳಿದ್ದನ್ನು ನಾನೇ ಮಾಡಲಿಲ್ಲ.

ಮನೆಗೆ ಬಂದು ಅಡುಗೆಮನೆ ತಕ್ಕಡಿಯ ಮೇಲೆ ಇಟ್ಟರೆ ಒಂದು 410 ಗ್ರಾಂ, ಇನ್ನೊಂದು 385. ಅಲ್ಲೇ ತಿಳಿಯಬೇಕಿತ್ತು. ಉದ್ದ ಕಿವಿ, ಉದ್ದ ಮುಖ, ಕೆಂಪು ಕಣ್ಣು, ದಪ್ಪ ಹಿಂಗಾಲು, ಇದು ಮಾಂಸಕ್ಕೆ ಸಾಕುವ ನ್ಯೂಜಿಲೆಂಡ್ ವೈಟ್ ಜಾತಿ. ಬೆಳೆದರೆ 4 ಕಿಲೋ ದಾಟುತ್ತದೆ. ಈ ಜಾತಿ 3 ತಿಂಗಳಿಗೆ ಕಿಲೋ ಮೇಲೆ ಇರಬೇಕು. 400 ಗ್ರಾಂ ಅಂದರೆ 4–5 ವಾರದ ಹಾಲು ಕುಡಿಯುವ ಮರಿ. ‘ಡ್ವಾರ್ಫ್’ ಅಂತ ಅವನು ಹೇಳಿದ್ದು ಚಿಕ್ಕ ಜಾತಿಗಲ್ಲ, ಚಿಕ್ಕ ವಯಸ್ಸಿಗೆ! ತಾಯಿಯಿಂದ ಮರಿ ಬಿಡಿಸುವುದು 8 ವಾರ ಆದ ಮೇಲೆ. ಅದಕ್ಕೂ ಮುಂಚೆ ಬಿಡಿಸಿದರೆ ಕರುಳಿಗೆ ಹುಲ್ಲು ಅರಗಿಸುವ ಶಕ್ತಿ ಪೂರ್ತಿ ಬಂದಿರುವುದಿಲ್ಲ, ಮೊದಲ ವಾರದಲ್ಲೇ ಭೇದಿ ಹತ್ತಬಹುದು.

ಮೊದಲ ರಾತ್ರಿ ಕೋಣೆ ತುಂಬ ಉಚ್ಚೆ. ಟ್ರೇ ಒಂದನ್ನು ಬಿಟ್ಟು ಎಲ್ಲ ಕಡೆ. ಮೆಸೇಜ್ ಹಾಕಿದೆ. “ಹೊಸ ಜಾಗ ಅಲ್ವಾ ಅಕ್ಕಾ, ಎರಡು ದಿನ ಬಿಡಿ, ಸರಿ ಹೋಗುತ್ತೆ.” ಸರಿ, ಬಿಟ್ಟೆ. 5 ವಾರದ ಮರಿಗೆ ಟ್ರೇ ಅಭ್ಯಾಸ ಗಟ್ಟಿಯಾಗುವುದೇ ಇಲ್ಲ ಅಂತ ಗೊತ್ತು, ಆದರೂ ಬಿಟ್ಟೆ.

ಮಂಗಳವಾರ ರಾತ್ರಿ ಚಿಕ್ಕ ಮರಿಯ ಹಿಂದೆ ಮೆತ್ತಗೆ ಕಪ್ಪಗೆ ಅಂಟಿಕೊಂಡಿತ್ತು. ಫೋಟೋ ಕಳಿಸಿದೆ. ಬಂದ ಉತ್ತರ ಇದು: “ಅದು ರಾತ್ರಿ ಹಿಕ್ಕೆ ಅಕ್ಕಾ. ಮೊಲ ಅದನ್ನ ತಿಂತದೆ. ನಿಮಗೆ ಗೊತ್ತಿಲ್ವಾ?”

ನಿಮಗೆ ಗೊತ್ತಿಲ್ವಾ! ಈ ಮಾತೇ ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಗೊತ್ತಿತ್ತು. ಅವನು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಆಗಲೇ ಹಿಡೀತಿದ್ದೆ. ಅರ್ಧ ನಿಜ ಹೇಳಿದ. ಮೊಲಕ್ಕೆ ಎರಡು ಬಗೆಯ ಹಿಕ್ಕೆ ಇರುವುದು ಹೌದು. ಒಂದು ನಾವು ದಿನಾ ನೋಡುವ ಒಣ ಗುಂಡು, ಬೆರಳಲ್ಲಿ ಒತ್ತಿದರೆ ಹುಲ್ಲಿನ ಪುಡಿಯಾಗುತ್ತದೆ. ಇನ್ನೊಂದು ಸೀಕೊಟ್ರೋಪ್ ಅಂತಾರಲ್ಲ, ಆ ಮೆತ್ತನೆಯದು: ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ, ಕಪ್ಪು, ಮೇಲೆ ಹೊಳಪು, ಗಾಟು ವಾಸನೆ. ಆದರೆ ಅದನ್ನು ಮೊಲ ಬಾಯಿ ಹಚ್ಚಿ ನೇರ ಅಲ್ಲಿಂದಲೇ ತಿಂದುಬಿಡುತ್ತದೆ. ಆರೋಗ್ಯವಾಗಿರುವ ಮೊಲದ್ದು ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ದಿನಾ ಬಿದ್ದಿರುತ್ತದೆ ಅಂದರೆ ಕಾಳು, ಸಿಹಿ ಜಾಸ್ತಿಯಾಗಿದೆ, ಅಥವಾ ಮೈ ದಪ್ಪವಾಗಿ ಬಾಯಿ ಎಟುಕುತ್ತಿಲ್ಲ. ನನ್ನ ಫೋಟೋದಲ್ಲಿ ಇದ್ದದ್ದು ಗೊಂಚಲಲ್ಲ. ಆಕಾರವೇ ಇಲ್ಲದ್ದು, ಹಿಂಗಾಲಿನ ಕೂದಲಿಗೆ ಮೆತ್ತಿಕೊಂಡದ್ದು. ಅದು ಭೇದಿ. ನೋಡಿದ ಕೂಡಲೇ ಗೊತ್ತಾಗಿತ್ತು, ಆದರೆ ಅವನ ಮೆಸೇಜ್ ಓದಿ ‘ಇರಬಹುದೇನೋ’ ಅಂತ ಮಲಗಿದೆ. ನಂಬಬೇಕು ಅಂತ ಅನ್ನಿಸಿತ್ತು, ಅಷ್ಟೇ.

ಮರಿ ಮೊಲದ ಭೇದಿಗೆ ‘ನಾಳೆ ನೋಡೋಣ’ ಇಲ್ಲ. ಗಂಟೆಯ ಲೆಕ್ಕ. ಬುಧವಾರ ಬೆಳಿಗ್ಗೆ ಅದು ಮೂಲೆಯಲ್ಲಿ ಮುದುಡಿ ಹಲ್ಲು ಕಡೀತಾ ಇತ್ತು, ಕಿವಿ ತಣ್ಣಗೆ. (ಸಂತೋಷಕ್ಕೂ ಮೊಲ ಮೆಲ್ಲಗೆ ಹಲ್ಲು ಆಡಿಸುತ್ತದೆ. ಇದು ಗಟ್ಟಿ ಸದ್ದು, ನೋವಿನದು.) ಅವನ ಸಲಹೆ: ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ 1 ಎಂಎಲ್ ಕುಡಿಸಿ. ದಯವಿಟ್ಟು ಇದನ್ನ ಎರಡು ಸಲ ಓದಿಕೊಳ್ಳಿ: ಅಮಾಕ್ಸಿಸಿಲಿನ್, ಪೆನಿಸಿಲಿನ್ ಜಾತಿಯ ಔಷಧಿ ಮೊಲಕ್ಕೆ ಬಾಯಿಯಿಂದ ಕೊಡಬಾರದು. ಕರುಳಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕೆಟ್ಟದ್ದು ಬೆಳೆದು, ಅದರ ವಿಷಕ್ಕೇ ಮೊಲ ಸಾಯುತ್ತದೆ. ಕೊಡಲಿಲ್ಲ. ಪಶು ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಚಿಕ್ಕದು ಹೋಯಿತು.

ಉಳಿದದ್ದರ ಹಿಕ್ಕೆಯನ್ನು ವೈದ್ಯರು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಕಾಕ್ಸಿಡಿಯಾ, ಅಂದರೆ ಕರುಳಿಗೆ ಹತ್ತುವ ಕಣ್ಣಿಗೆ ಕಾಣದ ಪರಜೀವಿ, ತುಂಬಿಕೊಂಡಿತ್ತು. ತಿರುಗಿಸಿ ನೋಡಿ ಇನ್ನೊಂದು ಮಾತನ್ನೂ ಹೇಳಿದರು, ಇದು ಗಂಡು. ‘ಎರಡೂ ಹೆಣ್ಣು’ ಅನ್ನುವುದೂ ಅಲ್ಲಿಗೆ ಮುಗಿಯಿತು. ಎರಡೂ ಬದುಕಿ, ಸತ್ತದ್ದು ನಿಜಕ್ಕೂ ಹೆಣ್ಣಾಗಿದ್ದರೆ, 4–5 ತಿಂಗಳಿಗೆ ಮನೆ ತುಂಬ ಮರಿ. ಗಬ್ಬದ ಕಾಲ ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು.

ಆ ರಾತ್ರಿ ವಿಡಿಯೋ ಮತ್ತೆ ಹಾಕಿ ನೋಡಿದೆ. ನಾಲ್ಕನೇ ಸಲವೋ ಐದನೇ ಸಲವೋ. ಟ್ರೇಯ ಅಂಚು ನೋಡಿದೆ. ಎಡಕ್ಕೆ ತಂತಿ ಜಾಲರಿ. ಬಲಕ್ಕೂ ಜಾಲರಿ. ಹಿಂದೆಯೂ. ಟ್ರೇ ಗೂಡಿನ ಒಳಗೆ ಇರಲಿಲ್ಲ. ಟ್ರೇಯೇ ಗೂಡಿನ ನೆಲ. ಮರಿಗಳಿಗೆ ನಿಲ್ಲಲಿಕ್ಕೆ ಬೇರೆ ಜಾಗವೇ ಇರಲಿಲ್ಲ, ಮತ್ತೆಲ್ಲಿ ಹೊಯ್ಯಬೇಕು? ‘ಇಲ್ಲೇ ಮಾಡೋದು ಅಕ್ಕಾ’! ಅದಕ್ಕೆ 600 ರೂಪಾಯಿ.

ರೋಗ ಬಂದದ್ದೂ ಅಲ್ಲಿಂದಲೇ. ಕಾಕ್ಸಿಡಿಯಾದ ತತ್ತಿ ಹಿಕ್ಕೆಯಲ್ಲಿ ಹೊರಗೆ ಬೀಳುತ್ತದೆ. ಬಿದ್ದ ಕೂಡಲೇ ಅದು ಅಂಟುವುದಿಲ್ಲ, ತೇವ, ಬೆಚ್ಚಗೆ, ಗಾಳಿ ಸಿಕ್ಕು ಬಲಿಯಲಿಕ್ಕೆ ಒಂದೆರಡು ದಿನ ಬೇಕು. ದಿನಾ ಹಿಕ್ಕೆ ತೆಗೆದರೆ ಸರಪಳಿ ತುಂಡಾಗುತ್ತದೆ. ತೆಗೆಯದೆ, ಮರಿಗಳನ್ನು ಅದರ ಮೇಲೇ ಕೂರಿಸಿ, ಅದರ ಮೇಲೇ ಹುಲ್ಲು ಹಾಕಿದರೆ ಪ್ರತಿ ತುತ್ತಿಗೂ ರೋಗ. ಅದೂ ಕಾರವಾರದ ಜೂನ್, ಹಾಕಿದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಫಿನೈಲಿಗೆ ಈ ತತ್ತಿ ಬಗ್ಗುವುದಿಲ್ಲ, ಮೇಲಿಂದ ಫಿನೈಲಿನ ಹಬೆ ಮೊಲಕ್ಕೆ ಕೆಟ್ಟದ್ದು. ಟ್ರೇ, ಬಟ್ಟಲು ಉಜ್ಜಿ ತೊಳೆದು ಕುದಿಯುವ ನೀರು ಹೊಯ್ದು ಬಿಸಿಲಿಗೆ ಒಣಗಿಸಬೇಕು. ಬಿಸಿಲು ಸಿಕ್ಕಿದರೆ!

ದುಡ್ಡು ವಾಪಸ್ ಕೇಳಿದೆ. ಅಲ್ಲಿವರೆಗೆ ಅಕ್ಕಾ, ಅಲ್ಲಿಂದ ಮೇಡಂ. “ಮೊಲಕ್ಕೆ ಗ್ಯಾರಂಟಿ ಇರಲ್ಲ ಮೇಡಂ.” “ನೀವು ಒದ್ದೆ ಸೊಪ್ಪು ಹಾಕಿರ್ತೀರಿ ಮೇಡಂ.” “ನಮ್ಮಲ್ಲಿ ಇರುವಾಗ ಚೆನ್ನಾಗಿತ್ತು ಮೇಡಂ, ವಿಡಿಯೋ ಇದೆ.” ವಿಡಿಯೋ ಇದೆಯಂತೆ! ಕೊನೆಗೆ ದೊಡ್ಡ ಮನಸ್ಸು ಮಾಡಿ, ಸತ್ತದ್ದಕ್ಕೆ ಬದಲಿ ಮರಿ ಬಸ್ಸಿಗೆ ಹಾಕಿ ಕಳಿಸುತ್ತೇನೆ, ಬಾಡಿಗೆ ನಿಮ್ಮದು ಅಂದ. ಅದೇ ಗೂಡಿನ ಇನ್ನೊಂದು ಮರಿ. ಬೇಡ ಅಂದೆ.

ಇನ್ನೂ ಮುಗಿದಿಲ್ಲ. ಉಳಿದ ಮರಿಯ ಕಿವಿಯೊಳಗೆ ಒಣಗಿದ ಕಂದು ಹೆಕ್ಕಳಿಕೆ, ತಲೆ ಕೊಡವುವುದು, ಹಿಂಗಾಲಲ್ಲಿ ಕೆರೆಯುವುದು. ಕಿವಿ ನುಸಿ. ಅದಕ್ಕೂ ಸಾಹೇಬರ ಹತ್ತಿರ ಮದ್ದಿತ್ತು: “ನಾಯಿ ಉಣ್ಣೆಗೆ ಹಾಕೋ ಡ್ರಾಪ್ಸ್ ಕುತ್ತಿಗೆಗೆ ಎರಡು ಹನಿ.” ನಾಯಿಯ ಆ ಹನಿಗಳಲ್ಲಿ ಬಹಳಷ್ಟರಲ್ಲಿ ಇರುವುದು ಫಿಪ್ರೊನಿಲ್. ಮೊಲಕ್ಕೆ ಅದು ವಿಷ, ಫಿಟ್ಸ್ ಬಂದು ಸಾಯುತ್ತದೆ. ಡಬ್ಬಿಯ ಮೇಲೆ ಆ ಹೆಸರು ಕಂಡರೆ ಮುಟ್ಟಬೇಡಿ. ನುಸಿಗೆ ಐವರ್ಮೆಕ್ಟಿನ್ ಇದೆ, ಆದರೆ ತೂಕ ನೋಡಿ ವೈದ್ಯರೇ ಕೊಡಬೇಕು, ಕೆಲವು ದಿನ ಬಿಟ್ಟು ಮತ್ತೆ ಕೊಡಬೇಕು, ತತ್ತಿಯಿಂದ ಹೊಸದು ಹೊರಡುತ್ತದಲ್ಲ. ಆ ಹೆಕ್ಕಳಿಕೆ ಕಿತ್ತು ತೆಗೆಯಬೇಡಿ, ಅಡಿಯಲ್ಲಿ ಹಸಿ ಗಾಯ ಇರುತ್ತದೆ, ಔಷಧಿ ಹತ್ತಿದ ಮೇಲೆ ತಾನೇ ಉದುರುತ್ತದೆ.

ಈಗ ಟ್ರೇ ವಿಷಯ. ಮೊಲ ಟ್ರೇ ಕಲಿಯುತ್ತದೆ, ಬೆಕ್ಕಿನಷ್ಟೇ ಚೆನ್ನಾಗಿ. ಆದರೆ ಅದು ಕಲಿಯುವುದು ನಿಮ್ಮ ಮನೆಯ ಮೂಲೆಯನ್ನು, ಮಾರುವವನ ಮನೆಯದ್ದನ್ನಲ್ಲ. ಬೇರೆಡೆ ಪೂರ್ತಿ ಕಲಿತ ದೊಡ್ಡ ಮೊಲವೂ ಹೊಸ ಮನೆಗೆ ಬಂದರೆ ಎಷ್ಟೋ ಸಲ ಮೊದಲಿನಿಂದ ಶುರು. ಹಾಗಾಗಿ ‘ಟ್ರೈನಿಂಗ್ ಚಾರ್ಜ್’ ಅನ್ನುವ ಮಾತಿಗೇ ಅರ್ಥವಿಲ್ಲ. ಮೊದಲು ಸಣ್ಣ ಜಾಗದಲ್ಲಿ ಬಿಡಿ, ಯಾವ ಮೂಲೆ ಹಿಡಿಯುತ್ತದೆ ನೋಡಿ, ಟ್ರೇ ಅಲ್ಲೇ ಇಡಿ. ನೀವು ಆರಿಸಿದ ಮೂಲೆಗೆ ಅದನ್ನು ಎಳೆಯಬೇಡಿ. ಟ್ರೇ ದೊಡ್ಡದಿರಲಿ, ಬೆಳೆದ ಮೊಲ ಉದ್ದಕ್ಕೆ ಕಾಲು ಚಾಚುವಷ್ಟು, 60 ಸೆಂ.ಮೀ. ಆದರೂ ಬೇಕು. ತಳಕ್ಕೆ ನಾಲ್ಕೈದು ಪದರ ಪೇಪರ್, ಮೇಲೆ ಎರಡು ಮೂರು ಬೆರಳು ದಪ್ಪ ಒಣ ಬತ್ತದ ಹುಲ್ಲು. ಒಂದು ತುದಿಗೆ ತಿನ್ನುವ ಹುಲ್ಲು. ಮೊಲ ತಿಂತಾ ತಿಂತಾನೇ ಹಿಕ್ಕೆ ಹಾಕುತ್ತದೆ, ಗುಟ್ಟು ಇಷ್ಟೇ. ಹೊರಗೆ ಬಿದ್ದ ಹಿಕ್ಕೆ, ಉಚ್ಚೆ ಒರೆಸಿದ ಪೇಪರ್ ಚೂರು ಟ್ರೇಗೆ ಹಾಕಿ, ವಾಸನೆಯಿಂದ ಜಾಗ ಗುರುತಾಗಲಿ. (ಭೇದಿ ಇರುವ ಮೊಲಕ್ಕೆ ಇದು ಬೇಡ, ಅದರದ್ದು ಎಲ್ಲ ಆಗಿಂದಾಗ ತೆಗೆಯಬೇಕು.) ಒಂದೆರಡು ವಾರ ಸರಿಯಾಗಿ ನಡೆದ ಮೇಲೆ ಜಾಗ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ. ಬೈದು ಮೂಗು ಉಜ್ಜಿದರೆ ನಿಮ್ಮನ್ನು ಕಂಡು ಹೆದರುವುದನ್ನು ಕಲಿಯುತ್ತದೆ, ಟ್ರೇ ಅಲ್ಲ.

ಸಾಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ, ಯಾವ ಮರದ್ದೋ ಏನೋ, ಧೂಳು ಮೂಗಿಗೆ ಹೋಗಿ ಸೀನು ಹತ್ತುತ್ತದೆ. ಬೆಕ್ಕಿಗೆ ಹಾಕುವ ಗಟ್ಟಿಯಾಗುವ ಮಣ್ಣು ಮೊಲ ತಿಂದರೆ ಹೊಟ್ಟೆಯಲ್ಲೇ ಗಟ್ಟಿ. ಕೊಟ್ಟಿಗೆಗೆ ಹಾಕುವ ದರಕು (ಒಣ ಎಲೆ) ಮಳೆಗಾಲದಲ್ಲಿ ಬೂಷ್ಟು, ಹುಳ. ಟ್ರೇ ತಳದಲ್ಲಿ ಕೂರುವ ಬಿಳಿ ಗಾರೆಗೆ ವಿನೆಗರ್, ನೀರು ಸಮಸಮ ಹೊಯ್ದು ಕಾಲು ಗಂಟೆ ಬಿಟ್ಟರೆ ಕಿತ್ತು ಬರುತ್ತದೆ.

ಕಲಿತ ಮೊಲ ಟ್ರೇ ಬಿಟ್ಟರೆ ಹಟ ಅಂದುಕೊಳ್ಳಬೇಡಿ. 4–6 ತಿಂಗಳ ಪ್ರಾಯದ್ದಾದರೆ ಜಾಗ ಗುರುತು ಮಾಡುವುದು, ಅದಕ್ಕೆ ಸಂತಾನಹರಣ ಚಿಕಿತ್ಸೆಯೇ ಮದ್ದು. ಆ ಪ್ರಾಯ ಕಳೆದಿದ್ದು, ಹನಿ ಹನಿ ಉಚ್ಚೆ, ಹಿಂಗಾಲು ಒದ್ದೆ, ಹೊಯ್ಯುವಾಗ ತಿಣುಕುವುದು, ಸುಣ್ಣದ ಪೇಸ್ಟಿನ ಹಾಗೆ ದಪ್ಪ ಉಚ್ಚೆ ಇದ್ದರೆ ಅದು ಮೂತ್ರಕೋಶದ ತೊಂದರೆ. ಬರೀ ಬಿಳಿ ಮಸುಕು ಸಹಜ, ಮೊಲದ ಹೆಚ್ಚುವರಿ ಕ್ಯಾಲ್ಸಿಯಂ ಉಚ್ಚೆಯಲ್ಲೇ ಹೋಗುವುದು. ಕಿತ್ತಳೆ, ಕೆಂಪು ಬಣ್ಣ ಎಷ್ಟೋ ಸಲ ಸೊಪ್ಪಿನ ಬಣ್ಣ, ಒಂದೆರಡು ದಿನಕ್ಕೆ ಹೋಗುತ್ತದೆ. ಹೋಗದಿದ್ದರೆ ಅಥವಾ ನಡುವೆ ರಕ್ತದ ಗೆರೆ ಕಂಡರೆ ತೋರಿಸಿ. ಹಿಂಬದಿ ಒದ್ದೆ ಇರುವ ಮೊಲಕ್ಕೆ ಮಳೆಗಾಲದಲ್ಲಿ ನೊಣ ಮೊಟ್ಟೆ ಇಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತದೆ, ದಿನಕ್ಕೆ ಎರಡು ಸಲ ಬಾಲ ಎತ್ತಿ ನೋಡಿ. ಸ್ನಾನ ಮಾಡಿಸಬೇಡಿ. ಮತ್ತೆ 12 ಗಂಟೆ ತಿನ್ನದೆ ಹಿಕ್ಕೆ ಹಾಕದೆ ಕೂತರೆ ಕರುಳು ನಿಂತಿದೆ ಅಂತ ಲೆಕ್ಕ, ಮನೆಮದ್ದು ಹುಡುಕುತ್ತಾ ಕೂರಬೇಡಿ, ಎತ್ತಿಕೊಂಡು ಓಡಿ. ಹೋಗುವ ಮೊದಲು ಫೋನ್ ಮಾಡಿ ಮೊಲ ನೋಡುತ್ತಾರಾ ಕೇಳಿ. ಹೊಸ ಹಿಕ್ಕೆ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ.

ತರಲೇಬೇಕು ಅಂತಿದ್ದರೆ ಗೂಡು ಇರುವ ಜಾಗಕ್ಕೇ ಹೋಗಿ. ದಾರಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೊಡುತ್ತೇನೆ ಅನ್ನುವವನ ಹತ್ತಿರ ಬೇಡ. ತಕ್ಕಡಿ ಒಯ್ಯಿರಿ, ನಗುತ್ತಾರೆ, ನಗಲಿ. ಬಾಲ ಎತ್ತಿ, ಕಿವಿ ನೋಡಿ, ಮುಂಗಾಲಿನ ಒಳಬದಿ ಅಂಟಾಗಿದೆಯಾ ನೋಡಿ, ಮೂಗು ಸೋರಿದರೆ ಅಲ್ಲೇ ಒರೆಸಿಕೊಂಡಿರುತ್ತದೆ. ಅಂಗಡಿಯಾದರೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ಕೇಳಿ, 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಮೊಲವೂ ಬರುತ್ತದೆ. ನಾನು ಕೇಳಲಿಲ್ಲ. ಬೂಟಿನ ಡಬ್ಬಿಯಲ್ಲಿ ಕೊಟ್ಟವನ ಹತ್ತಿರ ಯಾವ ಪತ್ರ ಇರುತ್ತದೆ ಹೇಳಿ.

ಗಂಡು ಮರಿ ಬದುಕಿದೆ, ಈಗ 900 ಗ್ರಾಂ. ಟ್ರೇಯ ಪಕ್ಕದಲ್ಲಿ ಹೊಯ್ಯುತ್ತದೆ, ಒಳಗಲ್ಲ. ನಿನ್ನೆ ರಾತ್ರಿ ಅವನ ಸ್ಟೇಟಸ್ಸಿನಲ್ಲಿ ಹೊಸ ವಿಡಿಯೋ ಬಂತು. ಮರಿಗಳು ಬೇರೆ, ಅದೇ ನೀಲಿ ಟ್ರೇ. “ಟ್ರೇ ಟ್ರೈನಿಂಗ್ ಆಗಿದೆ” ಅಂತ ಬರೆದಿದ್ದಾನೆ. ಚಾರ್ಜ್ 700 ಮಾಡಿದ್ದಾನೆ.