ನೀರಿನ ತಂಪು ಜಾಕೆಟ್: ಕಲಬುರಗಿಯ ಸ್ಲ್ಯಾಬ್ ಮೇಲೆ ಬಳಸಿ ನೋಡಿದ ಮೇಲೆ

ಬೇಸಿಗೆಯಲ್ಲಿ ನಮ್ಮ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸ್ಲ್ಯಾಬ್ ಮೇಲೆ ಕಬ್ಬಿಣ ಕಟ್ಟುವವರಿಗೆ ಆ ಆದೇಶ ಅನ್ವಯಿಸುವುದಿಲ್ಲ. ಅದಕ್ಕೇ ನಮ್ಮ ಕೆಲಸಗಾರರಿಗೆಂದು, ನೀರಿನಲ್ಲಿ ಅದ್ದಿ ಹಿಂಡಿ ತೊಡುವ ತಂಪು ಜಾಕೆಟ್‌ಗಳನ್ನು ತರಿಸಿದೆ. ಒಂದಕ್ಕೆ ಎರಡು ಸಾವಿರದ ಮೇಲೆ ಬಿತ್ತು.

ತಂಪಾಗುವುದು ನಿಜ. ಬಟ್ಟೆ ಹಿಡಿದಿಟ್ಟ ನೀರು ಆವಿಯಾಗುವಾಗ ಮೈಯ ಕಾವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಒಣಹವೆಗೆ ಇದು ಸರಿಯಾದ ಉಪಾಯ. ಮಂಗಳೂರಿನಲ್ಲಿ ಕಟ್ಟಡ ಕಟ್ಟಿಸುವ ನನ್ನ ಭಾವ ಕೇಳಿದಾಗ ಬೇಡವೆಂದೆ. ಅಲ್ಲಿ ಬೆವರೇ ಆರುವುದಿಲ್ಲ, ಜಾಕೆಟ್ ಹೇಗೆ ಆರೀತು?

ಡಬ್ಬಿಯ ಮೇಲೆ ಎಂಟು ಗಂಟೆ ಎಂದು ಬರೆದಿದ್ದಾರೆ. ಬೆಳಿಗ್ಗೆ ಅದ್ದಿದ್ದು ಹನ್ನೊಂದಕ್ಕೆಲ್ಲ ಭುಜದ ಮೇಲೆ ಗರಿಗರಿಯಾಗಿರುತ್ತದೆ. ಒಣಗಿದ ಜಾಕೆಟ್ ಎಂದರೆ ಬಿಸಿಲಿನಲ್ಲಿ ಇನ್ನೊಂದು ಅಂಗಿ ತೊಟ್ಟಂತೆಯೇ. "ಸಾಹೇಬರೇ, ಇದು ಕುಡಿಯುವಷ್ಟು ನೀರು ನಾನೂ ಕುಡಿಯುವುದಿಲ್ಲ" ಎಂದ ಕಬ್ಬಿಣ ಬಗ್ಗಿಸಿ ಕಟ್ಟುವ ಬಾರ್ ಬೆಂಡರ್. ಬೋರ್‌ವೆಲ್ ನೀರಿನಲ್ಲಿ ಅದ್ದಿದರೆ ಬಿಳಿ ಉಪ್ಪು ಕಟ್ಟಿ ಬಟ್ಟೆ ಬಿರುಸಾಗುತ್ತದೆ, ಸಂಜೆ ಒಳ್ಳೆಯ ನೀರಿನಲ್ಲಿ ಜಾಲಿಸಲೇಬೇಕು. ಕಬ್ಬಿಣ ಕಟ್ಟುವ ತಂತಿಯ (ಬೈಂಡಿಂಗ್ ವೈರ್) ತುದಿಗೆ ಸಿಕ್ಕಿ ಎದೆಯ ಬಳಿಯ ಜಾಳಿಗೆ ಎಳೆಎಳೆಯಾಗಿ ಎದ್ದಿದೆ.

ಹೆಣ್ಣಾಳುಗಳು ಇದನ್ನು ಮುಟ್ಟಲೇ ಇಲ್ಲ. ಅವರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಬುಟ್ಟಿ ಹೊರುವವರು. ಜಾಕೆಟ್ ಅಂಗಿಯೊಳಗೆ ಹಾಕಿದರೆ ಗಾಳಿಯಾಡದು, ಮೇಲೆ ಹಾಕಿದರೆ ಅಂಗಿ, ಕುಪ್ಪಸ ಎರಡೂ ಒದ್ದೆಯಾಗಿ ಮೈಗಂಟುತ್ತವೆ. ಸಿಗುವುದೂ ಗಂಡಸರ ಎಲ್ ಅಳತೆ ಒಂದೇ. ತಯಾರಿಸಿದವರು ಕಟ್ಟಡದ ಕೆಲಸ ಕಂಡಿಲ್ಲವೆಂದು ಕಾಣುತ್ತದೆ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಕಬ್ಬಿಣ ಕತ್ತರಿಸುವ ಜಾಗಕ್ಕೆ ಹಸಿರು ನೆಟ್ ಕಟ್ಟಿಸಿ, ಮಣ್ಣಿನ ಹರವಿಗಳಲ್ಲಿ ನೀರಿಡಿಸಿ, ಹನ್ನೆರಡರಿಂದ ಮೂರೂವರೆಯವರೆಗೆ ಕೆಲಸ ನಿಲ್ಲಿಸಿ. ಓಆರ್‌ಎಸ್ ತಂದರೆ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಒಂದೇ ಲೋಟದಲ್ಲಿ ಕದಡಿ ಕುಡಿಯುವವರನ್ನು ದಿನವೂ ಗದರಿಸುತ್ತಿದ್ದೇನೆ. ಬಿಸಿಲಿಗೆ ಯಾರಾದರೂ ತಡವರಿಸಿ ಮಾತನಾಡತೊಡಗಿದರೆ ಜಾಕೆಟ್ ಹುಡುಕುತ್ತಾ ನಿಲ್ಲಬೇಡಿ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಕುಳಿತು ಕಬ್ಬಿಣ ಕಟ್ಟುವವರಿಗೆ, ಪಕ್ಕದಲ್ಲೇ ನೀರಿನ ಡ್ರಮ್ ಇದ್ದರೆ, ಜಾಕೆಟ್ ಕೊಳ್ಳಬಹುದು. ಐದಕ್ಕೆ ಮೂರು ಅಂಕ. ಸಣ್ಣ ಅಳತೆಯದು ಬಂದರೆ ಮುಂದಿನ ಬೇಸಿಗೆಗೆ ಇನ್ನೆರಡು ತರಿಸುತ್ತೇನೆ.