ಬಸುರಿಯ ಬಾಯಿ ಹುಣ್ಣಿಗೆ ಅಂಗಡಿಯವರು ಕೊಟ್ಟ ಮಾತ್ರೆ: ದಯವಿಟ್ಟು ಎಚ್ಚರವಾಗಿರಿ

ನನಗೆ ಏಳು ತಿಂಗಳು ತುಂಬಿದ್ದಾಗ ಕೆಳತುಟಿಯ ಒಳಗೂ ನಾಲಿಗೆಯ ಅಂಚಿನಲ್ಲೂ ನಾಲ್ಕು ಹುಣ್ಣುಗಳೆದ್ದು, ಮೊಸರನ್ನ ನುಂಗುವುದೂ ಕಷ್ಟವಾಯಿತು. ಬಾಯಿ ಹುಣ್ಣಿಗೆಲ್ಲ ಡಾಕ್ಟರ ಬಳಿ ಹೋಗುವುದೇ ಎಂದುಕೊಂಡು ಮನೆಯ ಹತ್ತಿರದ ಮೆಡಿಕಲ್ ಅಂಗಡಿಗೆ ಹೋದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಏಳು ತಿಂಗಳೆಂದು ನಾನು ಎರಡು ಬಾರಿ ಹೇಳಿದ್ದೆ. ಎರಡು ಬಾರಿ.

ಅವರು ಒಂದು ಜೆಲ್ ಟ್ಯೂಬನ್ನೂ ಪಟ್ಟಿಯಿಂದ ಕತ್ತರಿಸಿದ ಆರು ಮಾತ್ರೆಗಳನ್ನೂ ಕಾಗದದ ಕವರಿಗೆ ಹಾಕಿ, "ಏನೂ ಆಗಲ್ಲಮ್ಮ, ಎಲ್ಲರೂ ತಗೊಳ್ತಾರೆ" ಎಂದರು. ಬಿಲ್ ಕೇಳಿದ್ದಕ್ಕೆ, "ಇಷ್ಟಕ್ಕೆಲ್ಲ ಬಿಲ್ ಯಾಕಮ್ಮ" ಎಂಬ ಉತ್ತರ ಬಂತು.

ನಾಲ್ಕು ಮಾತ್ರೆ ನುಂಗಿದ ಮೇಲೆ ತಿಂಗಳ ತಪಾಸಣೆ ಇತ್ತು. ಉಳಿದ ತುಂಡನ್ನು ಡಾಕ್ಟರ್ ಬೆಳಕಿಗೆ ಹಿಡಿದು ನೋಡಿದರು. ಕತ್ತರಿಗೆ ಸಿಕ್ಕಿ ಹೆಸರಿನ ಮೊದಲರ್ಧ ಹೋಗಿ, "ಫೆನಾಕ್" ಎಂಬಷ್ಟೇ ಉಳಿದಿತ್ತು. ಅದು ಡೈಕ್ಲೋಫೆನಾಕ್, ವೈದ್ಯರ ಚೀಟಿಯಿಲ್ಲದೆ ಕೊಡಬಾರದ ನೋವಿನ ಮಾತ್ರೆ. 20 ವಾರ ದಾಟಿದ ಮೇಲೆ ಇಂಥ ಮಾತ್ರೆಗಳಿಂದ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು, ಕೊನೆಯ ಮೂರು ತಿಂಗಳಲ್ಲಿ ಮಗುವಿನ ಹೃದಯದ ಬಳಿಯ, ಹುಟ್ಟಿದ ಮೇಲೆ ಮುಚ್ಚಬೇಕಾದ ರಕ್ತನಾಳ ಮೊದಲೇ ಕಿರಿದಾಗಬಹುದು ಎಂದು ಅವರು ಹೇಳುತ್ತಿದ್ದರೆ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಜೆಲ್‌ನಲ್ಲಿದ್ದ ಕೋಲಿನ್ ಸ್ಯಾಲಿಸಿಲೇಟ್ ಕೂಡ ಆಸ್ಪಿರಿನ್ನಿನ ಬಳಗದ್ದೇ, ಬಸುರಿಯರು ಕೇಳದೆ ಹಚ್ಚುವಂಥದ್ದಲ್ಲ. ಸ್ಕ್ಯಾನಿಂಗ್‌ನಲ್ಲಿ ನೀರು ಸರಿಯಾಗಿದೆ ಎಂದು ತಿಳಿಯುವವರೆಗೆ ನಾನು ಉಸಿರು ಬಿಗಿಹಿಡಿದು ಮಲಗಿದ್ದೆ.

ಮರುದಿನ ಅಂಗಡಿಗೆ ಹೋಗಿ ಕೇಳಿದರೆ, ಮೊದಲು "ಬಸುರಿ ಅಂತ ನೀವು ಹೇಳಲೇ ಇಲ್ಲ" ಎಂದರು. ಏಳು ತಿಂಗಳ ಹೊಟ್ಟೆ ಹೊತ್ತು ಅವರೆದುರು ನಿಂತವಳಿಗೆ! ಆಮೇಲೆ "ಬಾಯಿಗೆ ಹಚ್ಚಿದ್ದು ಮಗೂಗೆ ಹೋಗುತ್ತಾ?" ಎಂದರು. ಕೊನೆಗೆ, "ನಮ್ಮ ಅಂಗಡಿಯದ್ದೇ ಅನ್ನೋದಕ್ಕೆ ಬಿಲ್ ಇದೆಯಾ?" ಬಿಲ್ ಯಾಕೆ ಎಂದಿದ್ದವರೂ ಇವರೇ. ಆ ಮಾತಿಗೆ ಉತ್ತರ ತೋಚದೆ ಜನರೆದುರು ಪೆಚ್ಚಾಗಿ ನಿಂತೆ. ಆ ಅವಮಾನ ಇನ್ನೂ ಆರಿಲ್ಲ.

ಡಾಕ್ಟರ್ ಹೇಳಿದ್ದು ಇಷ್ಟೇ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಬಾರಿ ಮುಕ್ಕಳಿಸಿ ಉಗುಳಬೇಕು, ಮೃದುವಾದ ಬ್ರಷ್ ಬಳಸಬೇಕು, ಖಾರ ಹುಳಿ ಬಿಡಬೇಕು, ನೋವು ತಡೆಯದಿದ್ದರೆ ಅವರನ್ನು ಕೇಳಿಯೇ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬೇಕು. ಹುಣ್ಣು ಮತ್ತೆ ಮತ್ತೆ ಬಂದರೆ ಕಬ್ಬಿಣಾಂಶ, ಬಿ12 ಮತ್ತು ಫೋಲಿಕ್ ಆಮ್ಲದ ಕೊರತೆಯಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು, ಮೂರು ವಾರವಾದರೂ ಮಾಯದಿದ್ದರೆ ತೋರಿಸಲೇಬೇಕು. ನನ್ನ ಹುಣ್ಣುಗಳು ಉಪ್ಪುನೀರಿನಲ್ಲೇ ಒಂಬತ್ತು ದಿನಕ್ಕೆ ಮಾಗಿದವು.

ಬಸುರಿಯರೇ, ಅಂಗಡಿಯವರ "ಏನೂ ಆಗಲ್ಲ" ಎಂಬ ಮಾತನ್ನು ನಂಬಬೇಡಿ. ಹೆಸರು ಕತ್ತರಿಸಿಹೋದ ಮಾತ್ರೆಯನ್ನು ಅಲ್ಲೇ ಹಿಂತಿರುಗಿಸಿ, ಹತ್ತು ರೂಪಾಯಿಯ ಔಷಧಿಗಾದರೂ ಬಿಲ್ ಇಲ್ಲದೆ ಕದಲಬೇಡಿ.